ಹಗ್ಗದ ಮುಂದಿನ ತುದಿ

ಮೂರನೆಯ ಸುತ್ತು ಹಾಕುವಷ್ಟರಲ್ಲಿ ಕುಕ್ಕರ್ ಎರಡನೆಯ ಸೀಟಿ ಹೊಡೆಯಿತು. ರಾಜಲಕ್ಷ್ಮಿ ಕೆಂಪು ದಾರದ ಗಂಟನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡೇ ಮಹಡಿಯ ಕಟಕಟೆಯಿಂದ ಬಗ್ಗಿ ಅಡುಗೆಮನೆಯ ಕಡೆ ಕಿವಿಗೊಟ್ಟಳು. ಬೇಳೆಗೆ ಇನ್ನೊಂದು ಸೀಟಿ ಬೇಕು. ಗಂಟಿಗೂ ಇನ್ನೊಂದು ಸುತ್ತು ಬೇಕೋ, ಮೂರೇ ಸಾಕೋ, ಅದು ಮಾತ್ರ ಮರೆತುಹೋಗಿತ್ತು.

ಕೆಳಗೆ ಮೆಟ್ಟಿಲ ಪಕ್ಕದ ಖಾಲಿ ಜಾಗದಲ್ಲಿ ಮೂರು ಸೂಟ್‌ಕೇಸುಗಳು ಹಗ್ಗದ ತುದಿಗೆ ಒಟ್ಟಾಗಿ ಬಿಗಿಸಿಕೊಂಡು ಕೂತಿದ್ದವು. ಕಡಲಾಚೆಯ ತವರು ಮೈಸೂರಿಗೆ ಹೋಗಿಬರುವಾಗ ವಿಮಾನದವರು ಬಿಡುವ ತೂಕ ಒಂದಕ್ಕೆ ಇಪ್ಪತ್ಮೂರು ಕಿಲೋ. ಇಷ್ಟು ವರ್ಷ ತುಂಬಿ ತುಂಬಿ ಅವಳಿಗೆ ತಕ್ಕಡಿಯೇ ಬೇಕಿರಲಿಲ್ಲ. ಹಿಡಿಕೆ ಹಿಡಿದು ಒಮ್ಮೆ ಎತ್ತಿದರೆ ಇನ್ನೊಂದು ಚಟ್ನಿಪುಡಿ ಪೊಟ್ಟಣ ಹಿಡಿಸುತ್ತದೋ ಇಲ್ಲವೋ ಹೇಳಬಲ್ಲಳು. ಸೋನಾ ಮಸೂರಿ, ತೊಗರಿಬೇಳೆ, ಮಗಳು ಇಶಾಳ ಹಳೆಯ ಶಾಲಾಪುಸ್ತಕ, ಇಷ್ಟನ್ನೂ ತುಂಬಿದ ಮೂರು ಸೂಟ್‌ಕೇಸು ಸೇರಿದರೆ ತೂಕದಲ್ಲಿ ಒಬ್ಬ ಪ್ರಭಂಜನ, ಅವಳ ಗಂಡ. ಸರಿಯಾಗಿ ಹೇಳಬೇಕೆಂದರೆ, ಮೂರು ಕಿಲೋ ಕಡಿಮೆ ಇರುವ ಪ್ರಭಂಜನ.

"ಆ್ಯಂಕರ್ ಚೆಕ್ ಮಾಡಿದ್ಯಾ?" ನಿಜವಾದ ಪ್ರಭಂಜನ ಕೆಳಗಿನ ಸೋಫಾದಿಂದ ಕೂಗಿದ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಿವಿಯಲ್ಲಿ ಆಫೀಸಿನ ಮೀಟಿಂಗ್.

"ಮಾಡಿದೆ ರೀ."

"ಕೆಂಪು ಹಿಡಿಯೋದಕ್ಕೆ, ನೀಲಿ ಎಳೆಯೋದಕ್ಕೆ."

"ಗೊತ್ತು ರೀ."

"ಗೊತ್ತು ಅಂತೀಯ. ಉಪ್ಪಿಟ್ಟಿಗೆ ಉಪ್ಪು ಹಾಕಿದೀನಿ ಗೊತ್ತು ಅಂತಾನೂ ಇವತ್ತು ಬೆಳಿಗ್ಗೆ ಅಂದಿದ್ದೆ."

ಅವನು ಕೂತಲ್ಲಿಂದ ಕಟಕಟೆ ಕಾಣುತ್ತಿರಲಿಲ್ಲ. ಗಂಟು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬರೀ ಸೂಟ್‌ಕೇಸುಗಳು. ಆದರೂ ಅವನು ಹೇಳಿದ ಕೂಡಲೇ ರಾಜಲಕ್ಷ್ಮಿ ಆ್ಯಂಕರನ್ನು, ಅಂದರೆ ಕಟಕಟೆಯ ಕಂಬಕ್ಕೆ ತಾನೇ ಎರಡು ಸಲ ಬಿಗಿದಿದ್ದ ಪಟ್ಟಿಯನ್ನು, ಮೂರನೆಯ ಸಲ ಎಳೆದು ನೋಡಿದಳು. ಮೂರನೆಯ ಸೀಟಿ ಬಂತು. ಗಂಟು ಹಾಗೇ ಬಿಟ್ಟು ಕೆಳಗಿಳಿದಳು.

ಇದೆಲ್ಲ ಶುರುವಾದದ್ದು ಹಿಂದಿನ ವರ್ಷದ ದೀಪಾವಳಿ ಊಟದಲ್ಲಿ. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಿಂದ ಸ್ನೇಹಿತರಾದ ಶ್ರೀಶೈಲ್, ಸೌಂದರ್ಯಾ ದಂಪತಿ ಬಂದಿದ್ದರು. ಎರಡೂ ಜೋಡಿಗೆ ಮದುವೆಯಾಗಿ ಇಪ್ಪತ್ತೈದು ತುಂಬುವ ವರ್ಷ. ಎಲ್ಲರ ಹಾಗೆ ಕ್ರೂಸಿಗೆ ಹೋಗುವುದು ಬೇಡ, ಅಲಾಸ್ಕಾದ ಹಿಮನದಿಯ ಮೇಲೆ ಸ್ಕೀ ಮಾಡೋಣ ಎಂದು ಗಂಡಸರಿಬ್ಬರೂ ಹೋಳಿಗೆ ಮುರಿಯುತ್ತಾ ತೀರ್ಮಾನಿಸಿದರು. ಮಕ್ಕಳ ಜೊತೆ ಕೊಲೊರಾಡೋಗೆ ಹೋಗಿ ಹೋಗಿ ನಾಲ್ವರೂ ಸ್ಕೀ ಕಲಿತಿದ್ದರು. ಪ್ರಭಂಜನ ಜೋರಾಗಿ ಹೋಗಿ ಬೀಳುವವನು. ರಾಜಲಕ್ಷ್ಮಿ ನಿಧಾನಕ್ಕೆ ಹೋಗಿ ಬೀಳದವಳು. ಹಿಮನದಿಯಲ್ಲಿ ಮಾತ್ರ ನಿಧಾನಕ್ಕೆ ಹೋದರೂ ಬೀಳಬಹುದು: ಮೇಲೆ ತೆಳ್ಳಗಿನ ಹಿಮದ ಹೊದಿಕೆ, ಕೆಳಗೆ ಆಳ ಗೊತ್ತಿಲ್ಲದ ಬಿರುಕು. ಹಾಗಾಗಿ ಒಂದೇ ಹಗ್ಗಕ್ಕೆ ಎಲ್ಲರೂ ಕಟ್ಟಿಕೊಂಡು ನಡೆಯಬೇಕು. ಒಬ್ಬರು ಬಿದ್ದರೆ ಉಳಿದವರು ತಡೆದು ಮೇಲೆತ್ತಬೇಕು. ಆ ವಿದ್ಯೆ ಕಲಿತ ಸರ್ಟಿಫಿಕೇಟ್ ಇಲ್ಲದೆ ಹಿಮನದಿಗೆ ಒಯ್ದು ಇಳಿಸುವುದಿಲ್ಲ ಎಂದು ಅಲಾಸ್ಕಾದ ಸಣ್ಣ ವಿಮಾನದವರು ಬರೆದಿದ್ದರು.

ಅಷ್ಟರಲ್ಲಿ ಕಚ್ಚಾ ತೈಲದ ಬೆಲೆ ಬಿದ್ದು ಹ್ಯೂಸ್ಟನ್ನಿನಲ್ಲಿ ಶ್ರೀಶೈಲನ ಕೆಲಸ ಹೋಯಿತು. ಅವರು ಬರುವುದಿಲ್ಲ ಎಂದರು. ನಾಲ್ಕು ಜನರ ಹಗ್ಗದಲ್ಲಿ ಇಬ್ಬರು ಉಳಿದರು. ಒಬ್ಬರು ಬಿದ್ದರೆ ಮೂವರು ಎಳೆಯುವುದು ಒಂದು ಮಾತು. ಒಬ್ಬರು ಬಿದ್ದರೆ ಒಬ್ಬರೇ ಎಳೆಯುವುದು ಬೇರೆ. ರಾಜಲಕ್ಷ್ಮಿ ಇದನ್ನು ಹೇಳಬೇಕೆಂದುಕೊಂಡಳು. ಪ್ರಭಂಜನ ಆಗಲೇ ಆಸ್ಟಿನ್ನಿನಲ್ಲಿ ಎರಡು ಶನಿವಾರದ ಕ್ಲಾಸಿಗೆ ಹೆಸರು ಕೊಟ್ಟಾಗಿತ್ತು.

ಮೊದಲನೆಯ ಶನಿವಾರ ಅವಳು ಬಿರುಕಿಗೆ ಬಿದ್ದವಳು, ಅವನು ಎಳೆಯುವವನು. ಯಾರೂ ಕೇಳಲಿಲ್ಲ, ಅದು ಹಾಗೇ ಆಯಿತು. ಹಿಮವಿಲ್ಲದ ಊರಿನಲ್ಲಿ ಬಿರುಕು ಎಲ್ಲಿಂದ ಬರಬೇಕು? ಗೋಡೆ ಹತ್ತುವ ಆಟದ ದೊಡ್ಡ ಹಾಲ್ ಅದು. ಒಳಗೆ ಮೂರಾಳೆತ್ತರದ ಮರದ ಅಟ್ಟವೇ ಹಿಮನದಿ, ಅದರಂಚಿನ ಕೆಳಗೆಲ್ಲ ಬಿರುಕು. ಸೊಂಟಕ್ಕೆ ಹಾರ್ನೆಸ್ ಪಟ್ಟಿ ಬಿಗಿದು ಅವಳನ್ನು ಇಳಿಬಿಟ್ಟರು. ಕಾಲಿಗೆ ನೆಲ ಸಿಗಲಿಲ್ಲ. ಮೊದಲು ಹಗ್ಗವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. ಆಮೇಲೆ ಏನೋ ಆಯಿತು. ಫೋನು ಮೇಲಿತ್ತು. ಕೈಗೆ ಕೆಲಸವಿರಲಿಲ್ಲ. ಯಾರೂ ಏನನ್ನೂ ಕೇಳುವಂತಿರಲಿಲ್ಲ, ಕೇಳಿದರೂ ಅವಳು ಕೊಡುವಂತಿರಲಿಲ್ಲ. ಸಣ್ಣಗೆ ತೂಗುತ್ತಾ, ಸುತ್ತುತ್ತಾ, ಎದುರಿನ ಗೋಡೆಯ ಹಳದಿ ಹಸಿರು ಹಿಡಿಕೆಗಳನ್ನು ನೋಡುತ್ತಾ ಹದಿನೆಂಟು ನಿಮಿಷ ಇದ್ದಳು. ಒಂದು ಸಲ ಹಗ್ಗ ಭುಜಕ್ಕೆ ಒತ್ತಿ, "ರೀ, ಸ್ವಲ್ಪ ಸಡಿಲ ಬಿಡ್ರೀ" ಎಂದು ಕೂಗಿದಳು.

"ನೀನು ಸುಮ್ನಿರು, ನಾನು ನೋಡ್ಕೋತೀನಿ" ಎಂದು ಮೇಲಿನಿಂದ ಉತ್ತರ ಬಂತು. ಅವನು ಸಡಿಲ ಬಿಡಲಿಲ್ಲ. ಬಿಡಬಾರದು ಎಂದು ಆಮೇಲೆ ತಿಳಿಯಿತು. ಒಂದೂ ತಪ್ಪಿಲ್ಲದೆ ಎಳೆದು ಅಟ್ಟಕ್ಕೆ ಹಾಕಿದ. ಅವಳು ಕಣ್ಣುಜ್ಜಿಕೊಂಡು ಎದ್ದಳು. ಮೇಲೆ ಬಂದದ್ದಕ್ಕೆ ಬೇಸರವಾದಂತಿತ್ತು. ಬೇಸರ ಯಾಕೆ ಎಂದು ಅವಳಿಗೇ ಅರ್ಥವಾಗಲಿಲ್ಲ.

ಕಲಿಸುವವಳು ವಾಂಡಾ, ಲಬ್ಬಕ್ ಕಡೆಯವಳು, ಅರವತ್ತು ದಾಟಿದ ಒಣಕಲು ಹೆಂಗಸು. ಹೊರಡುವ ಹೊತ್ತಿಗೆ ಕೇಳಿದಳು, "ಅಂದ ಹಾಗೆ ಹಿಮದ ಮೇಲೆ ಯಾರು ಮುಂದೆ ನಡೆಯುವವರು?"

"ನಾನು" ಎಂದ ಪ್ರಭಂಜನ. "ಅವರು" ಎಂದಳು ರಾಜಲಕ್ಷ್ಮಿ. ಎರಡೂ ಉತ್ತರ ಒಟ್ಟಿಗೆ ಬಂದವು. ಕೇಳುವುದೇನಿದೆ? ದೇವಸ್ಥಾನಕ್ಕೆ ಹೋದರೂ, ಅಂಗಡಿಗೆ ಹೋದರೂ, ಮೈಸೂರಿನಲ್ಲಿ ಅವಳನ್ನು ನೋಡಲು ಬಂದ ದಿನ ಬಸ್‌ಸ್ಟ್ಯಾಂಡಿನಿಂದ ಅವಳ ಮನೆಗೆ ತನ್ನವರ ಜೊತೆ ಬರುವಾಗಲೂ ಅವನು ನಾಲ್ಕು ಹೆಜ್ಜೆ ಮುಂದೆ.

"ಭಾರ ಕಡಿಮೆ ಇರುವವರು ಮುಂದೆ ಇದ್ದರೆ ಹಿಂದಿನವರಿಗೆ ತಡೆಯುವುದು ಸುಲಭ" ಎಂದಳು ವಾಂಡಾ.

"ಜಿಪಿಎಸ್ ನನ್ನ ಹತ್ತಿರ ಇರುತ್ತೆ."

ವಾಂಡಾ ಇಬ್ಬರನ್ನೂ ನೋಡಿದಳು. "ಹಾಗಾದರೆ ನೀವಿಬ್ಬರೂ ಇವತ್ತು ಉಲ್ಟಾ ಕಲಿತಿದ್ದೀರಿ. ಮುಂದೆ ನಡೆಯುವವರೇ ಮೊದಲು ಬೀಳುವುದು. ಮುಂದಿನ ವಾರ ನೀವು ಕೆಳಗೆ, ಇವರು ಮೇಲೆ."

ಅದಕ್ಕೇ ಈ ವಾರವಿಡೀ ಮನೆಯಲ್ಲಿ ಸೂಟ್‌ಕೇಸು ನೇತಾಡುತ್ತಿದ್ದದ್ದು. ಮೊದಲು ಹಿತ್ತಲ ಓಕ್ ಮರಕ್ಕೆ ಕಟ್ಟಿದ್ದರು. ಮರಕ್ಕೆ ಸಾಮಾನು ನೇತುಹಾಕಬಾರದೆಂದು ಬಡಾವಣೆಯ ಸಂಘದಿಂದ ಎರಡೇ ದಿನದಲ್ಲಿ ಪತ್ರ ಬಂತು. ಅವರಿದ್ದ ಫ್ಲವರ್ ಮೌಂಡಿನಲ್ಲಿ ಯಾರ ಮರದಲ್ಲಿ ಏನು ನೇತಾಡುತ್ತಿದೆ ಎಂದು ನೋಡುವವರು ಇರುತ್ತಾರೆ.

ಬೇಳೆಗೆ ಒಗ್ಗರಣೆ ಹಾಕಿ ಮತ್ತೆ ಮಹಡಿ ಹತ್ತಿ ಒಂದು ಸೂಟ್‌ಕೇಸಿನೆತ್ತರ ಎಳೆಯುವಷ್ಟರಲ್ಲಿ ಸೌಂದರ್ಯಾಳ ಫೋನು ಬಂತು. ಸ್ಪೀಕರಿಗೆ ಹಾಕಿದಳು.

"ಏನ್ರೀ ರಾಜಕ್ಕಾ, ಉಸಿರು ಯಾಕ ಹಂಗ ಬಿಡಾಕತ್ತೀರಿ?"

"ನಮ್ಮನೆಯವರನ್ನ ಮೇಲಕ್ಕೆ ಎಳೀತಾ ಇದೀನಿ."

"ಅಯ್ಯ ನಮ್ಮವ್ವ! ಇಪ್ಪತ್ತೈದು ವರ್ಷ ಎಳದದ್ದು ಸಾಲಲಿಲ್ಲೇನು?" ಸೌಂದರ್ಯಾ ಹುಬ್ಬಳ್ಳಿಯ ನಗು ನಕ್ಕಳು. "ಇವರ ಕೆಲಸ ಹೋಗಿದ್ದು ಒಂದ್ ನಮೂನಿ ಛಲೋನ ಆತು ನೋಡ್ರಿ. ಇಲ್ಲಾಂದ್ರ ನಾನೂ ಇಷ್ಟೊತ್ತಿಗೆ ಎಲ್ಲೋ ಜೋತಾಡತಿದ್ದೆ." ನಗು ನಡುವೆಯೇ ಸವೆಯಿತು. "ಖರೇ ಹೇಳ್ರಿ, ನಿಮಗ ಹೋಗಾಕ ಮನಸೈತೇನ್ರಿ?"

"ಗೊತ್ತಿಲ್ಲ ಸೌಂದರ್ಯಾ."

"ಗೊತ್ತಿಲ್ಲಂದ್ರ? ಹೌದನ್ರಿ, ಇಲ್ಲ ಅನ್ರಿ."

"ಹಿಮ ಇಷ್ಟ. ಸ್ಕೀ ಮಾಡೋದು ಇಷ್ಟ. ಆದರೆ..." ರಾಜಲಕ್ಷ್ಮಿ ಹಗ್ಗವನ್ನು ಕಂಬಕ್ಕೆ ಸುತ್ತಿ ನಿಂತಳು.

"ಆದರ ಏನು? ಅವರು ಬಿದ್ರು ಅನಕೋರಿ. ನೀವು ತಗೀತೀರಿಲ್ಲೋ?"

"ಅದೇ ಗೊತ್ತಿಲ್ಲ."

ಕೆಳಗೆ ಪ್ರಭಂಜನ ಮೀಟಿಂಗಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ, ಏನೂ ಚಿಂತೆ ಮಾಡಬೇಡಿ, ಎಲ್ಲ ನಮ್ಮ ಹಿಡಿತದಲ್ಲಿದೆ ಎನ್ನುತ್ತಿದ್ದ.

ಶನಿವಾರ ಅವಳೇ ಡ್ರೈವ್ ಮಾಡಿದಳು. ರಸ್ತೆಯ ಎರಡೂ ಬದಿಗೆ ನೀಲಿ ಹೂವು. ಅರ್ಧ ದಾರಿಯ ವೆಸ್ಟ್ ಎಂಬ ಊರಿನಲ್ಲಿ ನಿಲ್ಲಿಸಿ ಹಣ್ಣಿನ ಬನ್ನು ತಿಂದರು. ಗೋಡೆ ಹತ್ತುವ ಹಾಲ್‌ಗೆ ಇಶಾಳೂ ಬಂದಿದ್ದಳು. ಆಸ್ಟಿನ್ನಿನಲ್ಲೇ ಓದುತ್ತಿದ್ದವಳು, ಅಪ್ಪ ನೇತಾಡುವುದನ್ನು ವಿಡಿಯೊ ಮಾಡಲೇಬೇಕು ಎಂದು ಬೆಳಿಗ್ಗೆ ಬೇಗ ಎದ್ದಿದ್ದಳು.

ಪ್ರಭಂಜನನನ್ನು ಇಳಿಬಿಟ್ಟರು. ಅವಳ ಹಗ್ಗವಲ್ಲದೆ ವಾಂಡಾಳ ಕೈಯಲ್ಲಿ ಇನ್ನೊಂದು ಕಾವಲು ಹಗ್ಗವೂ ಅವನಿಗೆ ಇತ್ತು. ರಾಜಲಕ್ಷ್ಮಿ ಕೂತು, ಹಿಮ್ಮಡಿ ಊರಿ, ಭಾರ ತಡೆದಳು. ಆ್ಯಂಕರ್ ಕಟ್ಟಿದಳು, ಭಾರವನ್ನು ಅದಕ್ಕೆ ದಾಟಿಸಿದಳು. ಇಷ್ಟು ಸರಿಯಾಗಿ ಮಾಡಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ. ಇನ್ನು ಉಳಿದದ್ದು ಎಳೆಯುವುದು. ನೀಲಿ ಗಂಟಿಗೆ ಸಿಕ್ಕಿಸಿದ ರಾಟೆಯಿಂದ ಮೊಳದಷ್ಟು ಎಳೆದರೆ, ಆ ಮೊಳವನ್ನು ಕೆಂಪು ಗಂಟು ಕಚ್ಚಿ ಹಿಡಿಯುತ್ತದೆ. ಆಗ ನೀಲಿಯನ್ನು ಮುಂದಕ್ಕೆ ಸರಿಸಿ ಮತ್ತೆ ಎಳೆಯಬೇಕು. ಕೆಂಪು ಕಚ್ಚಿ ಹಿಡಿಯದಿದ್ದರೆ ಎಳೆದದ್ದೆಲ್ಲ ಹಿಂದಕ್ಕೆ. ಇಷ್ಟೇ ವಿದ್ಯೆ. ಆರು ಸಲ ಎಳೆದಳು. ಅವನ ತಲೆಯ ಹೆಲ್ಮೆಟ್ಟು ಅಂಚಿನ ಹತ್ತಿರಕ್ಕೆ ಬರುತ್ತಿತ್ತು.

"ರಾಜೀ, ಸಿಕ್ಕಾಕೊಂಡಿದೆ!" ಎಂದ ಅವನು ಕೆಳಗಿನಿಂದ.

"ಇಲ್ಲ ರೀ, ಬರ್ತಾ ಇದೆ."

"ಸಿಕ್ಕಾಕೊಂಡಿದೆ ಅಂತೀನಿ. ಕೆಂಪು ಸಡಿಲ ಮಾಡು."

ಅವಳ ಕೈ ನಿಂತಿತು. ಸಿಕ್ಕಿಕೊಂಡಿರಲಿಲ್ಲ. ಕೆಂಪು ಗಂಟು ಅವಳ ಮೂಗಿನ ಕೆಳಗೇ ಇತ್ತು, ಚೆನ್ನಾಗಿತ್ತು. ಅವನಿಗೆ ಅಲ್ಲಿಂದ ಹಲಗೆಯ ಅಡಿಭಾಗ ಬಿಟ್ಟರೆ ಏನೂ ಕಾಣುವಂತಿರಲಿಲ್ಲ.

"ಕೆಂಪು, ಕೆಂಪು! ಹೇಳಿದ್ದು ಕೇಳೋದೇ ಇಲ್ವಲ್ಲ ನೀನು!"

ಅವಳ ಎಡಗೈ ಹೋಗಿ ಕೆಂಪು ಗಂಟನ್ನು ಮುಷ್ಟಿಯಲ್ಲಿ ಒತ್ತಿ ಸಡಿಲಿಸಿ ಹಿಡಿಯಿತು. ಬಲಗೈ ಎಳೆದ ಹಗ್ಗವನ್ನು ಬಿಟ್ಟಿತು. ಹಗ್ಗ ಸರ್ರೆಂದು ಓಡಿತು.

ಆರಡಿ ಬಿದ್ದ. ಕಾವಲು ಹಗ್ಗ ಹಿಡಿಯಿತು. ಕೆಳಗಿನಿಂದ ಇಶಾಳ ಕಿರುಚಾಟ, ಹಿಂದೆಯೇ ನಗು: "ಓ ಮೈ ಗಾಡ್ ಅಮ್ಮಾ, ಯು ಡ್ರಾಪ್ಡ್ ಡ್ಯಾಡ್!"

ಪ್ರಭಂಜನನಿಗೆ ಏನೂ ಆಗಿರಲಿಲ್ಲ. ಮೊಣಕಾಲು ಸ್ವಲ್ಪ ತರಚಿತ್ತು. ನೆಲಕ್ಕಿಳಿದು ಮೆಟ್ಟಿಲು ಹತ್ತಿ ಬಂದು ಅವಳ ಬೆನ್ನು ತಟ್ಟಿ, "ಪರವಾಗಿಲ್ಲ ಬಿಡು, ಕಲಿಯೋವಾಗ ಆಗುತ್ತೆ" ಎಂದು ನೀರು ಕುಡಿಯಲು ಹೋದ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

ವಾಂಡಾ ಹಗ್ಗ ಸುತ್ತುತ್ತಾ ಪಕ್ಕಕ್ಕೆ ಬಂದು ಕೂತಳು. "ನಿಮ್ಮ ಭಾಷೆ ನನಗೆ ಬರುವುದಿಲ್ಲ. ಆದರೆ ನಿಮ್ಮ ಕೈ ನಿಂತದ್ದನ್ನು ನೋಡಿದೆ. ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ?"

ಅವರು ಹೇಳಿದರು, ಅದಕ್ಕೆ, ಎಂದಳು ರಾಜಲಕ್ಷ್ಮಿ. ಇಂಗ್ಲಿಷಿನಲ್ಲಿ ಹೇಳಿದಾಗ ಅದು ಹುಚ್ಚಿಯ ಮಾತಿನಂತೆ ಕೇಳಿಸಿತು.

ವಾಂಡಾ ನಗಲಿಲ್ಲ. "ಗುಂಡಿಯಲ್ಲಿರುವವನಿಗೆ ಎರಡೇ ಮಾತು. ಸರಿಯಿದ್ದೇನೆ, ಇಲ್ಲವೇ ಪೆಟ್ಟಾಗಿದೆ. ಉಳಿದದ್ದೆಲ್ಲ ಮೇಲಿರುವವರ ಕೆಲಸ" ಎಂದು, ಅದನ್ನೇ ಪ್ರಭಂಜನನಿಗೂ ಗಟ್ಟಿಯಾಗಿ ಹೇಳಿ ಅವನನ್ನು ಮತ್ತೆ ಇಳಿಬಿಟ್ಟಳು. ಅವನು ಬಾಯಿ ಮುಚ್ಚಿಕೊಂಡು ನೇತಾಡಿದ. ಮೂವತ್ನಾಲ್ಕು ನಿಮಿಷದಲ್ಲಿ ರಾಜಲಕ್ಷ್ಮಿ ಅವನನ್ನು ಅಟ್ಟಕ್ಕೆ ಎಳೆದು ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಂಡಾ ಎರಡು ಸರ್ಟಿಫಿಕೇಟಿಗೆ ಸಹಿ ಹಾಕಿದಳು. ಅವಳದನ್ನು ಕೊಡುವಾಗ ಒಂದು ಕ್ಷಣ ಕಾಗದವನ್ನು ಬಿಡದೆ ಹಿಡಿದುಕೊಂಡು, "ಅಲ್ಲಿ ಇನ್ನೊಂದು ಹಗ್ಗ ಇರುವುದಿಲ್ಲ" ಎಂದಳು.

ವಾಪಸು ಬರುವಾಗ ಪ್ರಭಂಜನ ಸ್ಪೀಕರಿನಲ್ಲಿ ಶ್ರೀಶೈಲನಿಗೆ ಕಥೆ ಹೇಳಿದ. "ಫಸ್ಟ್ ಟೈಮ್ ಬೀಳಿಸಿದಳಪ್ಪಾ, ಸೆಕೆಂಡ್ ಟೈಮ್ ಎತ್ತಿದಳು. ಇನ್ನೇನ್ ಬೇಕು, ಫಿಫ್ಟಿ ಪರ್ಸೆಂಟ್!"

"ಅಲಾಸ್ಕಾದಾಗ ಯಾವ ಫಿಫ್ಟಿ ಬರ್ತೈತಿ, ಕೇಳಿಟ್ಕೋ ಮಾರಾಯ" ಎಂದ ಶ್ರೀಶೈಲ್. ಇಬ್ಬರೂ ನಕ್ಕರು.

"ಲೆಫ್ಟ್ ತಗೋ, ಲೆಫ್ಟ್ ತಗೋ" ಎಂದ ಪ್ರಭಂಜನ ನಗುವಿನ ನಡುವೆಯೇ. ಅವಳು ಲೆಫ್ಟ್ ತಗೊಂಡಳು. ತಗೊಂಡ ಮೇಲೆ ಕನ್ನಡಿ ನೋಡಿದಳು. ಪುಣ್ಯಕ್ಕೆ ಹಿಂದೆ ಯಾರೂ ಬರುತ್ತಿರಲಿಲ್ಲ.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕಷ್ಟ ಶುರುವಾದದ್ದು ಭಾನುವಾರ ಬೆಳಿಗ್ಗೆ, ಇಶಾ ವಿಡಿಯೊ ಕಳಿಸಿದ ಮೇಲೆ. ಕೆಳಗಿನಿಂದ ಓರೆಯಾಗಿ ತೆಗೆದದ್ದು. ಅಂಚಿಗೆ ಬಗ್ಗಿದ ಅವಳ ಮುಖ, ಎರಡು ಕೈ, ಕೆಂಪು ದಾರ, ಎಲ್ಲ ಕಾಣುತ್ತಿತ್ತು. ದೋಸೆ ಹುಯ್ಯುತ್ತಾ ಒಂದು ಸಲ ನೋಡಿದಳು. ದೋಸೆ ಕಾಯುತ್ತಿರುವಾಗ ಇನ್ನೊಂದು ಸಲ. ಕೈ ನಿಲ್ಲುತ್ತದೆ. ಅವನು ಕೂಗುತ್ತಾನೆ. ಕೈ ಹೋಗುತ್ತದೆ. ಹೋಗುವ ಕೈಯನ್ನು ನೋಡಿದರೆ ಅದು ತನ್ನದೇ ಎಂದು ಹೇಳಲಾಗುವುದಿಲ್ಲ. ಬಳೆಯಿಂದ ಗುರುತು ಹಿಡಿಯಬೇಕು.

ಹೇಳಿದ್ದನ್ನು ಕೇಳಿ ಅಭ್ಯಾಸ, ಅದಕ್ಕೆ ಕೈ ಹೋಯಿತು ಎಂದುಕೊಳ್ಳಬಹುದು. ಎಡಕ್ಕೆ ತಿರುಗು ಎಂದರೆ ತಿರುಗುತ್ತಾಳೆ, ಈ ಸೀರೆ ಬೇಡ ಎಂದರೆ ಬಿಡುತ್ತಾಳೆ, ಬ್ಯಾಂಕಿನ ಕೆಲಸ ಬಿಟ್ಟದ್ದೂ ಹಾಗೇ. ಯಾವುದಕ್ಕೂ ಜಗಳವಾಡಿದ ನೆನಪಿಲ್ಲ. ಆದರೆ ಹಗ್ಗ ಓಡಿದಾಗ ಕೈಯಲ್ಲಿ ಏನೋ ಹಗುರವಾಗಿತ್ತು. ಅರ್ಧ ಕ್ಷಣ. ಹೆದರಿಕೆ ಬರುವುದಕ್ಕೂ ಮುಂಚೆ. ಅದು ಏನು? ಭಾರ ಇಳಿದರೆ ಯಾರ ಕೈಯಾದರೂ ಹಗುರವಾಗುತ್ತದೆ, ಅದಕ್ಕೇನು ಅರ್ಥ ಎಂದು ಸಮಾಧಾನ ಮಾಡಿಕೊಂಡಳು. ನೋಡು, ನೀನು ಹೇಳಿದ ಹಾಗೇ ಮಾಡಿದೆ, ನೋಡು ಏನಾಯಿತು ಎಂದು ಒಳಗೆ ಯಾರೋ ಅಂದಂತಾಯಿತಲ್ಲ, ಅದು ಯಾರು? ಅವನನ್ನು ಕಂಡರೆ ಆಗದೇ? ಹಾಗೇನಿಲ್ಲ. ಅವನ ಮೊಣಕಾಲಿಗೆ ತಾನೇ ಮುಲಾಮು ಹಚ್ಚಿದ್ದಳು, ಹಚ್ಚುವಾಗ ಅಳು ಬಂದಿತ್ತು. ಹಾಗಾದರೆ ಇದೇನು? ಹನ್ನೊಂದನೆಯ ಸಲ ನೋಡುವಾಗ ದೋಸೆ ಸೀದುಹೋಯಿತು.

"ಏನೋ ಸೀದ ವಾಸನೆ!" ಎಂದ ಪ್ರಭಂಜನ ಮೇಲಿನಿಂದ. "ಸ್ಟವ್ ಆಫ್ ಮಾಡು!"

ಆಗಲೇ ಆಫ್ ಮಾಡಿದ್ದಳು. ಆದರೂ ಕೈ ಹೋಗಿ ಗುಂಡಿಯನ್ನು ಮತ್ತೊಮ್ಮೆ ಮುಟ್ಟಿ ಬಂತು. ರಾಜಲಕ್ಷ್ಮಿ ತನ್ನ ಕೈಯನ್ನೇ ನೋಡುತ್ತಾ ನಿಂತಳು. ಅಲಾಸ್ಕಾಗೆ ಹೊರಡುವ ಮೇ ತಿಂಗಳಿಗೆ ಐದು ವಾರ ಇತ್ತು. ಇಪ್ಪತ್ತೈದು ವರ್ಷದಲ್ಲಿ ಪಳಗಿದ ಕೈ ಐದು ವಾರದಲ್ಲಿ ಬೇರೆಯಾಗುತ್ತದೆಯೇ? ಆದರೂ ಆಗಬಹುದು, ಆಗದೆಯೂ ಇರಬಹುದು. ನೋಡಲು ಒಂದೇ ಜಾಗ, ಆ ಹಿಮದ ಅಂಚು. ಅಲ್ಲಿ ವಾಂಡಾ ಇಲ್ಲ. ಅವನು ಕೆಳಗೆ ಕತ್ತಲಲ್ಲಿ, ಬಾಯಿ ಮುಚ್ಚಿಕೊಂಡಿರುವವನಲ್ಲ.

ತಿಂಡಿಯಾದ ಮೇಲೆ ಮಹಡಿಯ ಕಂಬದಿಂದ ಪಟ್ಟಿ ಬಿಚ್ಚಿದಳು. ಸೂಟ್‌ಕೇಸುಗಳನ್ನು ಒಂದೊಂದಾಗಿ ತೆರೆದು ಅಕ್ಕಿಯನ್ನು ಡಬ್ಬಕ್ಕೆ, ಪುಸ್ತಕವನ್ನು ಕಪಾಟಿಗೆ ಸೇರಿಸತೊಡಗಿದಳು. ಕೆಂಪು ದಾರ ಅಕ್ಕಿಯ ಧೂಳಿನಲ್ಲಿ ಬಿದ್ದಿತ್ತು. ಅದನ್ನು ಬೆರಳಿಗೆ ಸುತ್ತಿಕೊಳ್ಳುವಾಗ ಭುಜಕ್ಕೆ ಹಗ್ಗ ಒತ್ತಿದ್ದು ನೆನಪಾಯಿತು. ಸ್ವಲ್ಪ ಸಡಿಲ ಬಿಡ್ರೀ. ನೀನು ಸುಮ್ನಿರು, ನಾನು ನೋಡ್ಕೋತೀನಿ.

ಅವನು ಬಿಟ್ಟಿರಲಿಲ್ಲ. ಕೆಳಗಿನಿಂದ ಅವಳು ಏನೇ ಕೂಗಿದರೂ ಬಿಡುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಯಾವ ಮಾತಿಗೆ ಅವನ ಕೈ ನಿಂತಿದೆ? ಅದಕ್ಕಾಗಿ ಎಷ್ಟು ಸಲ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತಿದ್ದಾಳೆ. ಆದರೆ ಹಗ್ಗದ ಮೇಲಿನ ತುದಿಯಲ್ಲಿ ಇರಬೇಕಾದವನು ಅಂಥವನೇ. ಯಾರ ಮಾತನ್ನೂ ಕೇಳದವನು. ಕೇಳುವವಳು ಕೆಳಗಿರಬೇಕು. ಅಂದರೆ ಅವಳು ಮುಂದೆ ನಡೆಯಬೇಕು.

ಇದು ಸರಿಯೋ ತಪ್ಪೋ ಅವಳಿಗೆ ಪೂರ್ತಿ ತಿಳಿಯಲಿಲ್ಲ. ಅವನ ಜೀವ ಉಳಿಸಲು ಹೀಗೆಂದುಕೊಂಡಳೋ, ಆ ಹದಿನೆಂಟು ನಿಮಿಷದ ಮೌನ ಮತ್ತೆ ಬೇಕೆನಿಸಿತೋ, ಅಥವಾ ಬರೀ ಮುಂದೆ ನಡೆದು ನೋಡುವ ಆಸೆಯೋ. ಮೂರನ್ನೂ ಬೇರ್ಪಡಿಸಲು ಹೋದರೆ ಗಂಟು ಇನ್ನಷ್ಟು ಬಿಗಿಯಿತು. ಅವನಿಗೆ ಹೇಳಿದರೆ ಚರ್ಚೆಯಾಗುತ್ತದೆ, ಜಿಪಿಎಸ್ ಬರುತ್ತದೆ, ಕೊನೆಗೆ ಅವಳೇ ಆಗಲಿ ರೀ ಎನ್ನುತ್ತಾಳೆ. ಹೇಳಬಾರದು. ಅಲಾಸ್ಕಾದ ಆ ಬೆಳಿಗ್ಗೆ ಅವನು ಬೂಟಿನ ಪಟ್ಟಿ ಬಿಗಿಯುತ್ತಾ ಕೂತಿರುತ್ತಾನೆ, ಅವನಿಗೆ ಬೂಟಿಗೆ ಯಾವಾಗಲೂ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಅವಳು ಹಗ್ಗದ ಮುಂದಿನ ತುದಿಯನ್ನು ತನ್ನ ಹಾರ್ನೆಸ್ಸಿಗೆ ಕಟ್ಟಿಕೊಂಡು ಹೆಜ್ಜೆ ಹಾಕಿರಬೇಕು.

ಕೆಂಪು ದಾರವನ್ನು ಮಡಿಸಿ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು.

ಸಂಜೆ ಇಂಡಿಯನ್ ಸ್ಟೋರಿಗೆ ಹೋದರು. ಪಾರ್ಕಿಂಗಿನಲ್ಲಿ ಪ್ರಭಂಜನ ಎಂದಿನಂತೆ ಫೋನು ಎಲ್ಲಿ ಎಂದು ಸೀಟಿನ ಸಂದಿಯಲ್ಲಿ ತಡಕುತ್ತಿದ್ದ. ಅವನು ಇಳಿಯುವವರೆಗೆ ಬಾಗಿಲ ಹತ್ತಿರ ನಿಂತಿರುವುದು ಅವಳ ಪದ್ಧತಿ. ರಾಜಲಕ್ಷ್ಮಿ ಚೀಲ ತೆಗೆದುಕೊಂಡು ಇಳಿದಳು, ಬಾಗಿಲು ಹಾಕಿದಳು, ನಡೆದಳು. ಹಿಂದೆ ಕಾರಿನ ಬಾಗಿಲು ಬಡಿದ ಸದ್ದಾಯಿತು, ಆಮೇಲೆ ಅವನ ಚಪ್ಪಲಿಯ ಸದ್ದು.

"ಏ ರಾಜೀ, ಏನಷ್ಟು ಅವಸರ? ನಿಲ್ಲು!"

ಕಾಲು ನಿಲ್ಲಲು ಹೋಯಿತು. ಅವಳಿಗೆ ಅದು ಗೊತ್ತಾಯಿತು. ಇನ್ನೊಂದು ಹೆಜ್ಜೆ ಹಾಕಿದಳು.

"ಏನಾಯ್ತೇ?"

"ಏನಿಲ್ಲ, ಬನ್ನಿ" ಎಂದಳು, ತಿರುಗಿ ನೋಡದೆ.